ಅಳಿಸಿಹೋದ ಎರಡು ಬೆಟ್ಟಗಳು

ಮೊನ್ನೆ ಆರ್.ಟಿ. ನಗರದ ಸ್ಟೇಷನರಿ ಅಂಗಡಿಯಲ್ಲಿ ಅಣ್ಣನ ಮಗಳು ಒಂದು ಸೆಂಟ್ ರಬ್ಬರನ್ನು ನನ್ನ ಮೂಗಿಗೆ ಹಿಡಿದಳು. ಸ್ಟ್ರಾಬೆರಿಯದೋ ಬಬಲ್‌ಗಮ್ಮಿನದೋ, ಅಂತೂ ಸಿಹಿ ವಾಸನೆ. ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಡ್ರಾಯಿಂಗ್ ಮಿಸ್ ನೆನಪಾದರು. ಅವರಿಗೆ ರಬ್ಬರ್ ಕಂಡರೆ ಆಗುತ್ತಿರಲಿಲ್ಲ.

ಸ್ಕೂಲಿನಿಂದ ನಿವೃತ್ತರಾದ ಮೇಲೆ ಅವರು ಭಾನುವಾರಗಳಂದು ಹೆಬ್ಬಾಳದ ಆಚೆ ಒಂದು ಖಾಲಿ ಜಾಗಕ್ಕೆ ಹೋಗುತ್ತಿದ್ದರು. ಬರ್ಮಾದಿಂದ ಓಡಿಬಂದ ಕೆಲವು ಕುಟುಂಬಗಳು ಅಲ್ಲಿ ತಗಡಿನ ಶೆಡ್ಡುಗಳಲ್ಲಿದ್ದವು. ದೊಡ್ಡವರು ಗುಜರಿ ಆಯುತ್ತಿದ್ದರು. ಮಕ್ಕಳಿಂದ ಅವರವರ ಕಥೆಯನ್ನು ಚಿತ್ರಗಳಲ್ಲಿ ಹೇಳಿಸಿ, ಒಬ್ಬೊಬ್ಬರಿಗೂ ಒಂದು ಪುಸ್ತಕ ಹೊಲಿದುಕೊಡಬೇಕೆಂಬುದು ಮಿಸ್ ಅವರ ಆಸೆ. ಚಿತ್ರದ ಕೆಳಗೆ ಮಕ್ಕಳು ಹೇಳಿದ್ದನ್ನು ಬರೆದುಕೊಡುವುದು ನನ್ನ ಕೆಲಸ. ಇತಿಹಾಸದಲ್ಲಿ ಎಂ.ಎ. ಮಾಡಿದ ನನಗೆ, ಇದರಿಂದ ಏನಾದೀತು ಎಂಬ ಅನುಮಾನ ಮೊದಲ ದಿನದಿಂದಲೂ ಇತ್ತು.

"ಅನುಮಾನನೂ ಜೊತೇಲೇ ಕರ್ಕೊಂಡ್ ಬಾರೋ, ಭಾನುವಾರ ಬಸ್ಸು ಖಾಲಿ ಇರುತ್ತೆ," ಎಂದಿದ್ದರು ಮಿಸ್.

ಅವರ ಕ್ಲಾಸಿನಲ್ಲಿ ರಬ್ಬರ್ ತರುವಂತಿರಲಿಲ್ಲ. ಒಬ್ಬರ ಹಾಳೆಯ ಮೇಲೆ ಇನ್ನೊಬ್ಬರು ಗೆರೆ ಎಳೆಯುವಂತಿರಲಿಲ್ಲ, ಮಿಸ್ ಕೂಡ. ತಪ್ಪಾಯಿತೆಂದು ಯಾರಾದರೂ ಮುಖ ಸಣ್ಣಗೆ ಮಾಡಿದರೆ, "ನಿನ್ ಗೆರೆ ತಾನೆ? ಇರ್ಲಿ ಬಿಡು," ಎನ್ನುತ್ತಿದ್ದರು.

ಅಲ್ಲೊಬ್ಬಳು ಹುಡುಗಿಯಿದ್ದಳು. ಹದಿಮೂರು ವರ್ಷವಿರಬೇಕು, ಖಚಿತವಿಲ್ಲ. ಹತ್ತಿರದ ಸ್ಕೂಲಿಗೆ ಹೋಗಿ ಕನ್ನಡ ಕಲಿತಿದ್ದಳು. ಊರು ಬಿಟ್ಟಾಗ ಅಜ್ಜಿಯ ಸೊಂಟದ ಮೇಲಿದ್ದ ಮೂರು-ನಾಲ್ಕು ವರ್ಷದ ಮಗು. ಈಗ ಅವಳಿಗೆ ಇದ್ದವರೂ ಆ ಅಜ್ಜಿಯೊಬ್ಬರೇ. ಅಜ್ಜಿ ಊರಿನ ಮಾತೇ ಎತ್ತುತ್ತಿರಲಿಲ್ಲ. ಅವರ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಪೂರ್ತಿ ಕಾಣದಂತಾಗುವ ಮೊದಲು ಊರನ್ನು ಬಿಡಿಸಿ ತೋರಿಸಬೇಕೆಂಬುದು ಹುಡುಗಿಯ ಹಟ.

ಅವಳು ಬಿಡಿಸಿದ್ದು ಎರಡು ಬೆಟ್ಟ, ನಡುವೆ ಹುಟ್ಟುವ ಸೂರ್ಯ, ಕೆಳಗೊಂದು ಗುಡಿಸಲು.

ಮಿಸ್ ನಕ್ಕುಬಿಟ್ಟರು. "ಅಯ್ಯೋ ಪುಟ್ಟಿ, ಇದು ಸ್ಕೂಲ್ ಸೀನರಿ ಕಣೆ! ಬೆಂಗ್ಳೂರಿನ ಮಕ್ಕಳೆಲ್ಲ ಇದನ್ನೇ ಬಿಡಿಸೋದು. ನಾನೇ ಎಷ್ಟು ಜನಕ್ಕೆ ಹೇಳ್ಕೊಟ್ಟಿದ್ದೀನೋ. ನೀನು ನಿಮ್ಮೂರು ಬಿಡಿಸು."

"ಇದು ನಮ್ಮೂರೇ ಮಿಸ್."

"ಇನ್ನೊಂದ್ ಸಲ ಯೋಚ್ನೆ ಮಾಡು."

ಹುಡುಗಿ ಹಾಳೆಯನ್ನೇ ನೋಡುತ್ತಾ ಕೂತಳು. ಆಮೇಲೆ ಪೆನ್ಸಿಲ್ ಡಬ್ಬಿಯ ಅಡಿಯಿಂದ, ಬಚ್ಚಿಟ್ಟಿದ್ದ ಒಂದು ರಬ್ಬರ್ ತೆಗೆದಳು. ಶೆಡ್ಡಿನಲ್ಲೆಲ್ಲ ಸಿಹಿ ವಾಸನೆ... ಅಥವಾ ಆ ವಾಸನೆಯನ್ನು ಮೊನ್ನೆಯಷ್ಟೇ ಅಲ್ಲಿಗೆ ಸೇರಿಸಿದ್ದೇನೋ. ಬೆಟ್ಟಗಳು ಹೋದವು. ರಬ್ಬರ್ ಬೇಡವೆನ್ನುತ್ತಿದ್ದ ಮಿಸ್ ಅವತ್ತು ಮಾತ್ರ ತಡೆಯಲಿಲ್ಲ.

ಮುಂದಿನ ವಾರ ಹುಡುಗಿ ಅಜ್ಜಿಯನ್ನು ಕೈಹಿಡಿದು ಕರೆತಂದಳು. ಅಜ್ಜಿ ಹಾಳೆಯನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು, ಗುಡಿಸಲಿನ ಮೇಲೆ ಬೆರಳಾಡಿಸಿ, ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಹುಡುಗಿ ತಲೆ ತಗ್ಗಿಸಿದಳು.

"ಏನಂತೆ?" ಎಂದರು ಮಿಸ್.

"ಬೆಟ್ಟ ಎಲ್ಲಿ ಅಂತ ಕೇಳ್ತಿದಾರೆ."

ಮಿಸ್ ಅಲ್ಲೇ ನೆಲದ ಮೇಲೆ ಕೂತರು. "ತಪ್ಪಾಯ್ತು ಕಣೆ. ಮತ್ತೆ ಬಿಡಿಸು."

ಹುಡುಗಿ ಪೆನ್ಸಿಲ್ ಹಿಡಿದಳು, ಕೆಳಗಿಟ್ಟಳು. "ಆಗ್ತಿಲ್ಲ ಮಿಸ್. ಕಣ್ಮುಚ್ಚಿದ್ರೆ ಈಗ ಸ್ಕೂಲ್ ಬೋರ್ಡ್ ಮೇಲಿರೋ ಬೆಟ್ಟಾನೇ ಬರುತ್ತೆ."

ಅಳಿಸಿದ ಕಡೆ ಪೆನ್ಸಿಲ್ಲಿನ ಅಚ್ಚು ಉಳಿದಿರುತ್ತದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ ಎಂದು ಮಿಸ್ ಆ ಹಾಳೆಯನ್ನು ಮನೆಗೆ ತಂದರು. ಕಂಡದ್ದನ್ನು ಹೇಳಿದರೆ ಅವಳೇ ಮತ್ತೆ ಬಿಡಿಸಿಯಾಳು ಎಂಬುದು ಅವರ ಲೆಕ್ಕ. ಮರುವಾರ ಹೋದರೆ ಅಲ್ಲಿ ಶೆಡ್ಡುಗಳೇ ಇರಲಿಲ್ಲ. ಜೆಸಿಬಿ ನೆಲ ಮಟ್ಟ ಮಾಡುತ್ತಿತ್ತು. ಜಾಗ ಕಾಯಲು ಕೂತಿದ್ದವನು, "ಓನರ್ರು ಖಾಲಿ ಮಾಡ್ಸುದ್ರು ಮೇಡಂ. ಎಲ್ಲಿಗೋದ್ರೋ ಯಾರಿಗ್ಗೊತ್ತು? ಇಂಗ್ ಬತ್ತಾರೆ, ಇಂಗ್ ಓಯ್ತಾರೆ," ಎಂದ.

ಮಿಸ್ ಯಲಹಂಕದವರೆಗೂ ಗುಜರಿ ಅಂಗಡಿಗಳಲ್ಲಿ ವಿಚಾರಿಸಿದರು. ನಾನೂ ಜೊತೆಗಿದ್ದೆ. ಯಾರಿಗೂ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದವರು ಹೇಳಲಿಲ್ಲ. ಆಮೇಲೆ ಅವರು ಯಾವ ಮಗುವಿಗೂ ಡ್ರಾಯಿಂಗ್ ಹೇಳಿಕೊಡಲಿಲ್ಲ. ಕಾಯಿಲೆ ಬಿದ್ದಾಗ ಒಂದು ದಿನ ನನ್ನನ್ನು ಮೇಲಕ್ಕೆ ಕರೆದು ಆ ಹಾಳೆ ಕೊಟ್ಟರು. "ನನಗಂತೂ ಏನೂ ಕಾಣ್ಲಿಲ್ಲ. ನಿನ್ ಕಣ್ಣು ಚೆನ್ನಾಗಿದೆ, ನೋಡು."

ಮೊನ್ನೆ ಅಂಗಡಿಯಿಂದ ಬಂದವನೇ, ಅಂದು ನೋಡದೆ ಎತ್ತಿಟ್ಟಿದ್ದ ಆ ಹಾಳೆಯನ್ನು ಹುಡುಕಿ ಕಿಟಕಿಗೆ ಹಿಡಿದೆ. ಗುಡಿಸಲಿನ ಮೇಲೆ ಎರಡು ಇಳಿಜಾರು ಗೆರೆ ಕಂಡವು. ಆದರೆ ನಾನೂ ಇದೇ ಊರಿನ ಸ್ಕೂಲಿನಲ್ಲಿ ಓದಿದವನು. ನನಗೂ ಖಾಲಿ ಹಾಳೆ ಕೊಟ್ಟರೆ ಮೊದಲು ಕಾಣುವುದು ಆ ಎರಡು ಬೆಟ್ಟಗಳೇ. ಕಂಡದ್ದು ಅವಳ ಗೆರೆಯೋ ನನ್ನದೋ... ಕೇಳೋಣವೆಂದರೆ ಮಿಸ್ ಇಲ್ಲ. ಆ ಹುಡುಗಿ ಎಲ್ಲಿದ್ದಾಳೋ. ಆ ಅಜ್ಜಿಯ ಕಣ್ಣಿಗೆ ಇಷ್ಟು ಹೊತ್ತಿಗೆ ಏನೂ ಕಾಣುತ್ತಿರಲಾರದು.