ಸುವಾರ್ತಮ್ಮ ಕಲಿಸಿದ ಕ್ರಿಸ್‌ಮಸ್ಸು

ಸುವಾರ್ತಮ್ಮನ ಮಾತು ಬಂದ್ರೆ ನನಗೆ ಮೊದಲು ಸಿಟ್ಟು ಬರುತ್ತೆ, ಆಮೇಲೆ ಅಳು ಬರುತ್ತೆ. ಚಿಕ್ಕನಾಯಕನಹಳ್ಳೀಲಿ ಹುಳಿಯಾರು ರಸ್ತೆ ಮೇಲೆ ನನ್ನದೊಂದು ಹಿಟ್ಟಿನ ಮಿಲ್ಲಿದೆ. ಅದರ ಗೋಡೆಗೆ ಅಂಟಿಕೊಂಡೇ ಅವಳ ಹೊಲಿಗೆ ಅಂಗಡಿ. ಅಂಗಡಿ ಹಿಂದೆ ಒಂದು ರೂಮು, ಅದೇ ಅವಳ ಮನೆ. ನನ್ನ ಕೊರಳಲ್ಲಿ ಲಿಂಗ, ಅವಳ ಕೊರಳಲ್ಲಿ ಶಿಲುಬೆ. "ಸರ್ವಮಂಗಳ, ಇಬ್ಬರ ಕೊರಳಲ್ಲೂ ದೇವರಿದ್ದಾನೆ, ಒಂದು ಎಳೆ ಚಿನ್ನ ಇಲ್ವಲ್ಲೇ" ಅಂತ ನಗೋಳು. ಈಗ ನಗೋದು ಬಿಟ್ಟಿದ್ದಾಳೆ. ಮಕ್ಕಳಿಗೆ ಪಾಠ ಹೇಳೋದನ್ನೂ ಬಿಟ್ಟಿದ್ದಾಳೆ. ತಲೆ ಬಗ್ಗಿಸ್ಕೊಂಡು ಹೊಲೀತಾಳೆ, ಅಷ್ಟೆ.

ಅವಳ ಗಂಡ ತಿಪಟೂರು ಮಂಡೀಲಿ ಕೊಬ್ಬರಿ ಮೂಟೆ ಹೊರ್ತಿದ್ದ. ಲೋಡ್ ಲಾರಿ ಮಗುಚಿಕೊಂಡು ಚಿಕ್ಕ ವಯಸ್ಸಿಗೇ ಹೋದ. ಮಕ್ಕಳಾಗಿರಲಿಲ್ಲ. ಇನ್ನೊಬ್ಬಳಾಗಿದ್ರೆ ಹಣೆಬರಹ ಹಳಿದುಕೊಂಡು ಕೂತಿರ್ತಿದ್ಲು. ಇವಳು ಊರ ಮಕ್ಕಳನ್ನೆಲ್ಲ ಬಾಚಿಕೊಂಡ್ಲು. ಅವರ ಚರ್ಚು ಚಿಕ್ಕದು, ಬೆರಳಲ್ಲಿ ಎಣಿಸೋ ಅಷ್ಟು ಮನೆಗಳು. ಭಾನುವಾರ ಆರಾಧನೆ ಮುಗಿದ ಮೇಲೆ ಮಕ್ಕಳನ್ನ ಅಂಗಡಿ ಮುಂದಿನ ಜಗಲೀಲಿ ಕೂರಿಸ್ಕೊಂಡು ಬೈಬಲ್ ಕತೆ ಹೇಳೋಳು. ಮಿಲ್ ನಿಲ್ಲಿಸಿದಾಗ ನನಗೂ ಎಲ್ಲಾ ಕೇಳ್ಸೋದು.

ಡಿಸೆಂಬರ್ ಬಂದ್ರೆ ಅವಳಿಗೆ ಕಾಲು ನೆಲದ ಮೇಲೆ ನಿಲ್ತಿರಲಿಲ್ಲ. ಕ್ರಿಸ್‌ಮಸ್ ನಾಟಕ ಆಡಿಸಬೇಕಲ್ಲ! ಚರ್ಚಿನ ಮಕ್ಕಳೆಲ್ಲ ದೇವದೂತರಾಗೋಕೇ ಸಾಲ್ತಿರಲಿಲ್ಲ, ಇನ್ನು ಕುರಿ ಕಾಯೋರ ಪಾರ್ಟು ಮಾಡೋಕೆ ಯಾರು? ಕೆರೆ ಆಚೆ ಗೊಲ್ಲರಹಟ್ಟಿಗೆ ಹೋಗಿ ಅಲ್ಲಿನ ಮಕ್ಕಳನ್ನ ಕೇಳಿ ಕರ್ಕೊಂಡು ಬರೋಳು. ಹಟ್ಟಿ ಯಜಮಾನ ಕ್ಯಾತಪ್ಪ, "ಕುರಿ ಕಾಯೋದ್ ತಾನೆ ಕಣವ್ವ, ಅದನ್ನೇನ್ ಕಲಿಸ್ಬೇಕು? ಕರ್ಕೊಂಡೋಗು ಬುಡು" ಅಂತ ನಕ್ಕೊಂಡು ಕಳಿಸೋನು. ಆ ಮಕ್ಕಳೂ ಕೇಕಿನ ಆಸೆಗೆ ಓಡಿ ಬರೋವು.

"ದೇವರು ಯಾಕ್ರೋ ಕೂಸಾಗಿ ಬಂದ?" ಅಂತ ಪ್ರತಿ ವರ್ಷ ಕೇಳೋಳು.

"ಕೇಕ್ ತಿನ್ನೋಕೆ ಮಿಸ್!"

"ಥೂ, ಹೊಟ್ಟೆಬಾಕ ನನ್ಮಕ್ಕಳಾ! ಕೇಳ್ರಿ ಇಲ್ಲಿ. ರಾಜನಾಗಿ ಬಂದಿದ್ರೆ ಬಾಗಿಲಲ್ಲಿ ಸಿಪಾಯಿ ಇರ್ತಿದ್ದ. ಪೂಜಾರಿಯಾಗಿ ಬಂದಿದ್ರೆ ದೂರ ನಿಲ್ಲು, ಮೈಲಿಗೆ ಅಂತಿದ್ದ. ಅದಕ್ಕೇ ಕೂಸಾಗಿ ಬಂದ. ಕೂಸನ್ನ ಯಾರು ಬೇಕಾದ್ರೂ ಎತ್ಕೋಬಹುದು. ನೀವು ಎತ್ಕೊಳ್ಳಿ ಅಂತಲೇ ಬಂದ. ಕ್ರಿಸ್‌ಮಸ್ ಅಂದ್ರೆ ಇಷ್ಟೇ."

ಹಾಗಂದು, ತಾನೇ ಹೊಲಿದ ಬಟ್ಟೆ ಗೊಂಬೇನ ಒಂದೊಂದು ಮಗುವಿನ ಕೈಗೂ ಕೊಡೋಳು. ಮೂಗು ಸೋರಿಸ್ಕೊಂಡು ಕೂತಿದ್ದ ಮಕ್ಕಳು ಎಷ್ಟು ಜೋಪಾನವಾಗಿ ಹಿಡ್ಕೊಳ್ಳೋವು ಅಂತೀರಿ! ನಾನು ಮಠದಲ್ಲಿ ಬೇಕಾದಷ್ಟು ಪ್ರವಚನ ಕೇಳಿದ್ದೀನಿ. ಇಷ್ಟು ಸಲೀಸಾಗಿ ಮನಸ್ಸಿಗೆ ಇಳಿದ ಮಾತು ಕಮ್ಮಿ.

ಹೋದ ಡಿಸೆಂಬರಿನ ಮೊದಲ ಭಾನುವಾರ ಅವಳು ಯೇಸುವಿನ ತಾಯಿ ಮರಿಯಮ್ಮನ ಕತೆ ಹೇಳ್ತಿದ್ಲು. ಛತ್ರದೋರು ಒಳಗೆ ಬಿಡಲಿಲ್ಲ, ದನದ ಕೊಟ್ಟಿಗೇಲಿ ಕೂಸು ಹುಟ್ಟಿತು, ಗೋದಲೀಲಿ ಮಲಗಿಸಿದ್ರು ಅಂದ್ಲು. "ಯಾಕೆ ಬಿಡಲಿಲ್ಲ ಹೇಳಿ?" ಅಂದಿದ್ದಕ್ಕೆ ಚರ್ಚಿನ ಮಕ್ಕಳು "ಜಾಗ ಇರಲಿಲ್ಲ" ಅಂತ ರಾಗ ಎಳೆದ್ವು. ಹಟ್ಟಿಯ ಬಿಂದುಶ್ರೀ ಮಾತ್ರ ಎದ್ದು ನಿಂತ್ಲು. ಎರಡನೇ ಕ್ಲಾಸಿನ ಹುಡುಗಿ, ಕ್ಯಾತಪ್ಪನ ದೊಡ್ಡ ಮಗನ ಮಗಳು.

"ಜಾಗ ಇತ್ತು ಮಿಸ್. ಹೆತ್ತೋಳನ್ನ ಒಳಿಕ್ಕೆ ಯಾರ್ ಬುಡ್ತಾರೆ? ಸೂತಕ ಆಗಲ್ವಾ? ಆಯಮ್ಮ ಒಳ್ಳೇಳು, ಅದುಕ್ಕೇ ಆಚೆ ಇದ್ಲು. ನಮ್ ವನಿತಾ ಚಿಕ್ಕಮ್ಮಾನೂ ಕೂಸೆತ್ಕೊಂಡು ಗುಡಿಸಲಲ್ಲೇ ಅವ್ಳೆ."

ಹಟ್ಟಿ ಮಕ್ಕಳೆಲ್ಲ ಹೌದು ಹೌದು ಅಂತ ತಲೆ ಆಡಿಸಿದ್ವು. ಸುವಾರ್ತಮ್ಮ ನನ್ನ ಕಡೆ ತಿರುಗಿ ನೋಡಿದ್ಲು. ಇಷ್ಟು ವರ್ಷ ಆ ಮಕ್ಕಳು ಈ ಕತೇನ ಹೀಗೇ ಕೇಳ್ಕೊಂಡಿದ್ವು ಅಂತ ಅವಳಿಗೆ ಅವತ್ತೇ ಗೊತ್ತಾಗಿದ್ದು.

ಸುತ್ತಮುತ್ತಲ ಎಷ್ಟೋ ಹಟ್ಟಿಗಳಲ್ಲಿ ಈ ಪದ್ಧತಿ ಬಿಟ್ಟಾಯ್ತು. ಕ್ಯಾತಪ್ಪನ ಹಟ್ಟಿ ಬಿಟ್ಟಿಲ್ಲ. ಹಟ್ಟಿ ದೇವರಿಗೆ ಸೂತಕ ತಾಗಬಾರದು ಅಂತ ಬಾಣಂತಿ ಕೂಸು ಎತ್ಕೊಂಡು ಬೇಲಿ ಆಚೆ ಇರಬೇಕು. ಅವತ್ತು ಸಾಯಂಕಾಲ ನನ್ನ ಸ್ಕೂಟೀಲಿ ಇಬ್ಬರೂ ಹೋದ್ವಿ. ತೋಟದ ಅಂಚಲ್ಲಿ ತೆಂಗಿನ ಗರಿ ಹೊದಿಸಿದ ಗುಡಿಸಲು, ಬಗ್ಗಿ ನುಗ್ಗಬೇಕು. ಮಾಗಿ ಚಳಿ ಗರಿ ಸಂದೀಲಿ ಸುಯ್ ಅಂತ ನುಗ್ತಿತ್ತು. ಕ್ಯಾತಪ್ಪನ ಚಿಕ್ಕ ಸೊಸೆ ವನಿತಾ ಇನ್ನೂ ಎಳೇ ಹುಡುಗಿ, ಚೊಚ್ಚಲ ಬಾಣಂತಿ. ತೆಂಗಿನ ಸಿಪ್ಪೆ ಹೊಗೆ ಹಾಕ್ಕೊಂಡು ಕೂತಿದ್ಲು. ಗಂಡು ಕೂಸು. ಕೆಮ್ಮಿದ್ರೆ ಮೈಯೆಲ್ಲ ಮುದುರಿಕೊಳ್ಳೋದು. ಹೆರಿಗೆ ಆಸ್ಪತ್ರೇಲೇ ಆಗಿತ್ತು. ಕೆಮ್ಮಿಗೂ ತೋರಿಸಿದ್ದರು. ಡಾಕ್ಟರು ಸಿರಪ್ ಬರೆದು, ಬೆಚ್ಚಗಿಡಿ ಅಂದಿದ್ರಂತೆ. ಬೆಚ್ಚಗಿಡಿ ಅಂದ ಕೂಸನ್ನ ತಂದು ಇಲ್ಲಿ ಮಲಗಿಸಿದ್ದರು.

"ನಮ್ಮನೆಗೆ ಬಾರಮ್ಮ" ಅಂದ್ವಿ ಇಬ್ಬರೂ.

"ಬ್ಯಾಡ ಕಣಕ್ಕ. ಇನ್ನೊಂದ್ ವಾರ ಅಷ್ಟೆ. ಸೋಮವಾರ ನೀರ್ ಹುಯ್ದು ಒಳಿಕ್ಕೆ ಕರ್ಕೊತಾರೆ. ಈಗ ಬಂದು ನಿಮ್ ಮನೆ ದೇವ್ರೂ ಮುನಿಸ್ಕೊಂಡು, ನಮ್ ದೇವ್ರೂ ಮುನಿಸ್ಕೊಂಡ್ರೆ ಕೂಸಿನ ಗತಿ ಏನು?"

ಒಂದು ವಾರ ತಾನೆ, ಹೇಗೋ ಕಳೆದು ಹೋಗುತ್ತೆ ಅಂತ ಕಂಬಳಿ ಕೊಟ್ಟು ಬಂದ್ವಿ.

ಮುಂದಿನ ಭಾನುವಾರದ ಪಾಠ ಕುರಿ ಕಾಯೋರದ್ದು. ಅವರು ಹುಡುಕಿಕೊಂಡು ಹೋಗಿ ಕೂಸನ್ನ ಕಂಡರು, ಸಂತೋಷ ತಡೀಲಾರದೆ ದಾರೀಲಿ ಸಿಕ್ಕಿದೋರಿಗೆಲ್ಲ ಹೇಳಿದರು ಅಂತ ಸುವಾರ್ತಮ್ಮ ಕೈ ಬಾಯಿ ತಿರುಗಿಸಿ ಕತೆ ಮಾಡಿದ್ಲು. ಬಿಂದುಶ್ರೀ ಬಾಯಿ ಬಿಟ್ಕೊಂಡು ಕೇಳಿದ್ಲು. ಪಾಠ ಮುಗಿಸಿ ಹಟ್ಟಿಗೆ ವಾಪಸ್ ಹೋಗುವಾಗ ಸೀದಾ ಗುಡಿಸಲಿಗೆ ನುಗ್ಗಿದ್ದಾಳೆ. ವನಿತಾ ನೀರು ಕಾಯಿಸೋಕೆ ಆಚೆ ಇದ್ಲಂತೆ. ಈ ಮಗು ಕೂಸನ್ನ ಎತ್ಕೊಂಡು, ಕಲಿಸಿದ ಹಾಗೇ ಮಂಡಿಯೂರಿ, ಮುತ್ತಿಟ್ಟು ಮಲಗಿಸಿದೆ. ಆಮೇಲೆ ಹಟ್ಟಿ ತುಂಬಾ ಓಡಾಡಿ, ದೇವರ ಗುಡಿ ಮುಂದೇನೂ ನಿಂತು, "ಕೂಸ್ ನೋಡ್ದೆ! ನಾನ್ ಎತ್ಕೊಂಡೆ!" ಅಂತ ಕೂಗಿದೆ. ಪಾಪ, ಕುರಿ ಕಾಯೋರ ಪಾರ್ಟು ಅಷ್ಟು ಚೆನ್ನಾಗಿ ಯಾರೂ ಮಾಡಿರಲಿಲ್ಲ.

ಅಜ್ಜಿ ಕಾಟಮ್ಮ ಬಿಂದುಶ್ರೀಗೆ ಹುಣಸೆ ಬರಲು ಮುರಿಯೋ ತನಕ ಬಾರಿಸಿದ್ಲು. ಆ ಚಳೀಲಿ ಮಗೂಗೆ ತಣ್ಣೀರು ಸುರಿದರು. ಸೂತಕದ ಕೈ ಹಟ್ಟಿ ಒಳಗೆಲ್ಲ ಓಡಾಡಿತು ಅಂತ ಮನೆ ಮನೆ ತೊಳೆದರು. ಇಷ್ಟಕ್ಕೇ ನಿಂತಿದ್ರೆ ಆಗ್ತಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಒಳಗಿನೋರು ಮುಟ್ಟಿ ಸೂತಕದ ಕಟ್ಟಳೆ ಕೆಟ್ಟು ಹೋಯ್ತು, ನಾಳೆ ನೀರು ಹುಯ್ಯೋದಿಲ್ಲ, ವನಿತಾ ಮೊದಲಿಂದ ಮತ್ತೆ ಆಚೆ ಇರಬೇಕು ಅಂತ ಕ್ಯಾತಪ್ಪ ತೀರ್ಮಾನ ಹೇಳಿಬಿಟ್ಟ.

ಸುವಾರ್ತಮ್ಮ ಅವನ ಕಾಲು ಹಿಡಿದ್ಲು. ನಾನು ಪಕ್ಕದಲ್ಲೇ ಇದ್ದೆ.

"ತಪ್ಪು ನಂದು ಯಜಮಾನ್ರೇ. ಎತ್ಕೊಳ್ಳಿ ಅಂತ ಕಲಿಸಿದೋಳು ನಾನು. ನನ್ನನ್ನ ಏನು ಬೇಕಾದ್ರೂ ಅನ್ನಿ, ಕೂಸನ್ನ ಒಳಗೆ ಕರ್ಕೊಳ್ಳಿ."

"ಏಳವ್ವ ಮೇಲೆ" ಅಂದ ಕ್ಯಾತಪ್ಪ. ಅವನ ಕಣ್ಣಲ್ಲೂ ನೀರಿತ್ತು, ಸುಳ್ಳು ಯಾಕೆ ಹೇಳ್ಲಿ. "ಅದು ನನ್ ಮೊಮ್ಮಗ. ನಂಗೆ ಕರುಳಿಲ್ವಾ? ಯಜಮಾನ ಅಂತ ಕುಂತು ನನ್ ಮನೆಗೊಂದು ಊರಿಗೊಂದು ಮಾಡಕಾಯ್ತದಾ?"

"ನಿಮ್ಮ ಯಜಮಾನಿಕೆಗೆ ಬೆಂಕಿ ಬಿತ್ತು!" ಅಂತ ನಾನು ಕಿರುಚಿದೆ. ಕೂಸಿನ ಅಪ್ಪ ಚಿತ್ತೇಶ್ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ.

ಕೂಸಿನ ಕೆಮ್ಮು ಜೋರಾಯ್ತು. ಹಾಲು ಎಳೆಯೋಕೂ ಉಸಿರು ಸಾಲ್ತಿರಲಿಲ್ಲ. ಕೊನೆಗೆ ವನಿತಾನೇ ಹೆದರಿ ಬಾಯಿ ಬಿಟ್ಲು. "ಅಕ್ಕ, ನಿಮ್ ದೇವ್ರು ಮೈಲಿಗೆ ನೋಡಲ್ವಂತೆ ಹೌದಾ? ತಾನೇ ಆಚೆ ಹುಟ್ಟಿದೋನಂತೆ, ಬಿಂದು ಹೇಳ್ತು. ಯಾರ ಮನೇಲೂ ನಾನಿರಕ್ಕಿಲ್ಲ, ಅವರ ಮನೆ ದೇವ್ರು ಸುಮ್ಕಿರಲ್ಲ. ಆ ನಿಮ್ ದೇವ್ರ ಗುಡೀಲಾದ್ರೆ ಇರ್ತೀನಿ."

ಸುವಾರ್ತಮ್ಮ ಅತ್ತುಬಿಟ್ಲು. ಇಷ್ಟು ವರ್ಷ ಹೇಳಿದ ಪಾಠ ಒಬ್ಬಳಿಗಾದ್ರೂ ತಟ್ಟಿತಲ್ಲ ಅಂತ ಆ ದುಃಖದಲ್ಲೂ ಅವಳಿಗೊಂದು ಹಿಗ್ಗು. ಚರ್ಚಿನ ಹಿಂದೆ ಒಂದು ರೂಮಿದೆ, ಹೆಂಚಿನದು, ಬೆಚ್ಚಗಿರುತ್ತೆ. "ಯಾರನ್ನೇನು ಕೇಳೋದು, ಇವತ್ತೇ ಬಾ" ಅಂದ್ಲು.

ಬೆಳಕಿರುವಾಗಲೇ ವನಿತಾ ಕೂಸನ್ನ ಸೆರಗಲ್ಲಿ ಮುಚ್ಕೊಂಡು ಚರ್ಚ್ ಗೇಟಿಗೆ ಬಂದ್ಲು. ಹಟ್ಟಿಯೋರು ನೋಡ್ತಿದ್ದ ಹಾಗೇ ದಾಟಿ ಬಂದಿದ್ದಳು, ಆ ಹುಡುಗಿಗೆ ಅದೆಷ್ಟು ಧೈರ್ಯ ಬೇಕಿತ್ತೋ! ಒಳಗೆ ಮಕ್ಕಳು ಹಾಡು ಪ್ರಾಕ್ಟೀಸ್ ಮಾಡ್ತಿದ್ವು. ಚರ್ಚಿನ ಆಡಳಿತ ನೋಡ್ಕೊಳ್ಳೋ ಸಭೆ ಹಿರಿಯರು ಸಮುವೇಲಪ್ಪ ಆಚೆ ಬಂದರು. ರಿಟೈರಾದ ಮೇಷ್ಟ್ರು, ಇಸ್ತ್ರಿ ಪಂಚೆ, ಮಾತೆಲ್ಲ ಮೆತ್ತಗೆ.

"ರೂಮಲ್ಲಿ ಗೋದಲಿ ಸಾಮಾನು ತುಂಬಿದೆಯಲ್ಲಮ್ಮ. ಹುಲ್ಲು, ನಕ್ಷತ್ರ, ಲೈಟಿನ ಸರ. ಎಲ್ಲಿಗೆ ಎತ್ತಿಡೋದು?"

"ನನ್ನ ಅಂಗಡಿಗೆ ತಗೊಂಡು ಹೋಗ್ತೀನಿ ಅಣ್ಣ."

"ಅದಲ್ಲ ಸುವಾರ್ತಾ. ಹಟ್ಟಿ ಹೆಣ್ಣುಮಗಳನ್ನ ಚರ್ಚಲ್ಲಿ ಇಟ್ಕೊಂಡ್ರು, ಮತಾಂತರ ಮಾಡಿದ್ರು ಅಂತ ನಾಳೆ ಗಲಾಟೆ ಆದ್ರೆ? ಹಬ್ಬದ ದಿನ ಪೊಲೀಸು ಬಂದು ನಿಂತ್ರೆ ನಮ್ಮ ನಾಲ್ಕು ಮನೆ ಗತಿ ಏನು? ಹಬ್ಬ ಕಳೀಲಿ, ನೋಡೋಣ. ಪ್ರಾರ್ಥನೆ ಮಾಡ್ತೀನಿ."

ಅವರ ಭಯ ಸುಳ್ಳು ಅಂತ ನಾನು ಹೇಳಲ್ಲ. ಆದ್ರೂ ಆ ಕೂಸಿನ ಮುಖ ಒಂದು ಸಲ ನೋಡಬಾರದಿತ್ತಾ ಆ ಮನುಷ್ಯ? ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅನ್ನೋದು ಎಲ್ಲಾ ಗುಡಿಗೂ ಒಂದೇ ನೋಡಿ. ಗೇಟು ಹಾಕ್ಕೊಂಡು ಒಳಗೆ ಹೋದರು.

"ನನ್ನ ರೂಮಿಗೆ ಬಾ" ಅಂತ ಸುವಾರ್ತಮ್ಮ ಅಂಗಲಾಚಿದ್ಲು. ನಾನು ರಟ್ಟೆ ಹಿಡಿದು ಎಳೆದೆ. ವನಿತಾ ಕೊಸರಿಕೊಂಡ್ಲು.

"ಬುಡಕ್ಕ. ನಿಮ್ ದೇವ್ರೇ ಬ್ಯಾಡ ಅಂದ್ಮೇಲೆ ನಿಮ್ ಮನೆಗ್ಯಾಕೆ ಬರ್ಲಿ? ನಿಮಗೂ ಕೇಡು."

"ದೇವರಲ್ಲ ಕಣೇ ಬೇಡ ಅಂದಿದ್ದು, ಮನುಷ್ಯ!"

"ಅವನ ಗುಡಿ ಬಾಗ್ಲು ಅವನೇ ಹಾಕ್ಸವ್ನೆ" ಅಂದ್ಲು ವನಿತಾ. ಹಿಂದೆ ಹಿಂದೆ ಹೋಗಿ ಇಬ್ಬರೂ ಬೇಡ್ಕೊಂಡ್ವಿ. ಆಸ್ಪತ್ರೆಗಾದ್ರೂ ನಡಿ ಅಂದ್ರೆ, "ಅವ್ರೂ ಬೆಚ್ಚಗಿಡಿ ಅಂದು ಕಳಿಸ್ತಾರೆ" ಅಂದು ಗುಡಿಸಲು ಹೊಕ್ಕು ಗರಿ ಅಡ್ಡ ಎಳ್ಕೊಂಡ್ಲು.

ಮಾರನೇ ಬೆಳಿಗ್ಗೆ ಮಿಲ್ಲಿಗೆ ರಾಗಿ ಹಾಕೋ ಹೊತ್ತಿಗೆ ಚಿತ್ತೇಶ್ ಬಂದ. ಸುವಾರ್ತಮ್ಮನ ಅಂಗಡಿ ಬಾಗಿಲಲ್ಲಿ ಕುಕ್ಕರಿಸಿಬಿಟ್ಟ. ಕೇಳೋದೇನಿತ್ತು? ನಾವು ಓಡಿ ಹೋಗುವಷ್ಟರಲ್ಲಿ ತೋಟದ ಮೂಲೇಲಿ ಗುಂಡಿ ಮುಚ್ಚಿಯಾಗಿತ್ತು. ವನಿತಾ ಇನ್ನೂ ಅದೇ ಗುಡಿಸಲಲ್ಲೇ ಇದ್ಲು. ಈಗ ಸಾವಿನ ಸೂತಕ ಬೇರೆ ಸೇರಿತ್ತಲ್ಲ. ಸುವಾರ್ತಮ್ಮ ಹತ್ತಿರ ಹೋದ್ರೆ ಮುಖ ತಿರುಗಿಸಿದ್ಲು. "ಎದೆ ಬಿಗಿದೈತೆ, ಹಾಲು ಸೋರ್ತೈತೆ. ನಿಮ್ ಗೊಂಬೆಗೆ ಕುಡಿಸ್ಲಾ?" ಅಂದ್ಲು. ಸುವಾರ್ತಮ್ಮನ್ನ ನಾನೇ ಹಿಡಿದು ಸ್ಕೂಟಿಗೆ ಕೂರಿಸ್ಕೊಂಡು ಬಂದೆ.

ಹಟ್ಟೀಲಿ ಕ್ಯಾತಪ್ಪನ ತಲೆ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ. ಚರ್ಚಲ್ಲಿ ಸಮುವೇಲಪ್ಪನವರ ತಲೆ ಮೇಲೂ ಹೊರಿಸಲಿಲ್ಲ. "ದೇವರ ಚಿತ್ತ" ಅಂದರು ಅವರು. ಹಬ್ಬದ ದಿನ ನಾಟಕ ನಡೀತು. ಹಟ್ಟಿ ಮಕ್ಕಳು ಬರಲಿಲ್ಲ, ಚರ್ಚಿನ ಮಕ್ಕಳೇ ತಲೆಗೆ ಟವೆಲ್ ಸುತ್ಕೊಂಡು ಕುರಿ ಕಾಯ್ದವು. ಬಡವರಿಗಾಗಿ ಸಮುವೇಲಪ್ಪ ಉದ್ದಕ್ಕೆ ಪ್ರಾರ್ಥನೆ ಮಾಡಿದರಂತೆ. ಸುವಾರ್ತಮ್ಮ ಹೋಗಲೇ ಇಲ್ಲ. ನನ್ನ ಮಿಲ್ಲಲ್ಲಿ ಹಿಟ್ಟಿನ ಮೂಟೆ ಮೇಲೆ ಕೂತಿದ್ಲು. "ನಾನು ಕಲಿಸಿದ್ದರಲ್ಲಿ ಯಾವುದು ಸುಳ್ಳು ಹೇಳು ಸರ್ವಮಂಗಳ" ಅಂತ ಒಂದೇ ಸಮ ಕೇಳಿದ್ಲು. ನನಗೇನು ಗೊತ್ತು ಅವರ ಬೈಬಲ್ಲು? ಕಾಫಿ ಕೊಟ್ಟೆ, ಕುಡೀಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ತರಕಾರಿ ತರೋಕೆ ಹೊರಟಿದ್ವಿ. ಎದುರಿಗೆ ಬಿಂದುಶ್ರೀ ಸ್ಕೂಲ್ ಬ್ಯಾಗ್ ನೇತು ಹಾಕ್ಕೊಂಡು ಬಂದ್ಲು. ಒಣಗಿ ಕಡ್ಡಿಯಾಗಿದ್ದಳು. ಸುವಾರ್ತಮ್ಮ ತಡ್ಕೊಳ್ಳೋಕಾಗದೆ "ಬಿಂದೂ" ಅಂತ ಎರಡೂ ಕೈ ಚಾಚಿ ಓಡಿದ್ಲು. ಆ ಮಗು ಗಾಬರಿಯಾಗಿ ಬೇಲಿಗೆ ಅಂಟಿಕೊಂಡು ಕೈ ಎರಡನ್ನೂ ಬೆನ್ನ ಹಿಂದೆ ಅವಿಸಿಟ್ಕೊಂಡ್ಲು.

"ಹತ್ರ ಬರ್ಬೇಡಿ ಮಿಸ್. ಅಜ್ಜಿ ಹೇಳೈತೆ, ನಾನ್ ಮುಟ್ಟಿದ್ರೆ ಸತ್ತೋಯ್ತಾರಂತೆ."

ಅಂದು, ಕೈ ಹಿಂದೆ ಇಟ್ಕೊಂಡೇ ನಮ್ಮನ್ನ ಸುತ್ತಿ ದಾಟಿ, ಸ್ಕೂಲ್ ಕಡೆ ನಡೆದುಹೋಯ್ತು.