ಮೂತಿಯ ಮೇಲಿನ ಗುಳಿ

ನನ್ನ ಮೊದಲ ರೇಸ್ ಕಾರನ್ನು ವಿನ್ಯಾಸ ಮಾಡಿ ಕಟ್ಟಿದ್ದು ರಾಜಾಜಿನಗರದ ಒಂದು ಶೆಡ್ಡಿನಲ್ಲಿ. ತೂಕ ಇಳಿಸಲು ಬೋಲ್ಟುಗಳನ್ನೂ ಕೊರೆದು ಟೊಳ್ಳು ಮಾಡಿದ್ದೆ. ರೇಸಿನ ಹಿಂದಿನ ದಿನ ವಿಜಯನಗರದಿಂದ ಬಂದ ಅಮ್ಮ ಕಾರಿನ ಮೂತಿಗೆ ನಿಂಬೆಹಣ್ಣು ಕಟ್ಟಿದಳು.

"ತೆಗಿಯಮ್ಮ, ಗಾಳಿಗೆ ಅಡ್ಡ ಆಗತ್ತೆ!" ಎಂದು ರೇಗಿದೆ.

"ದೃಷ್ಟಿ ಆದ್ರೆ ನಿನ್ನ ಗಾಳಿ ಬಂದು ಕಾಪಾಡತ್ತೇನೋ?"

ಅವಳ ಜೊತೆ ವಾದ ಮಾಡಿ ಗೆದ್ದವರಿಲ್ಲ. ಮೂತಿಯಲ್ಲೇ ಗುಳಿ ತೋಡಿ ಹಣ್ಣನ್ನು ಕೂರಿಸಿದೆ. ಕಾರು ಗೆದ್ದಿತು. ವಿದೇಶದ ತಂಡ ಸೇರಿದ ಮೇಲೂ ನಾನು ಗುಳಿ ಬಿಡಲಿಲ್ಲ, ಹಣ್ಣೂ ಬಿಡಲಿಲ್ಲ.

ಈ ವರ್ಷ ಎದುರಾಳಿಗಳ ಕಾರಿನಲ್ಲೂ ಅದೇ ಅಳತೆಯ ಗುಳಿ! ಅದರಿಂದ ವೇಗ ಹೇಗೆ ಹೆಚ್ಚುತ್ತದೆಂದು ಅವರ ಎಂಜಿನಿಯರ್ ಟೀವಿಯಲ್ಲಿ ಅರ್ಧ ಗಂಟೆ ವಿವರಿಸಿದ. ಅಮ್ಮ ಟೀವಿಯ ಹತ್ತಿರ ಹೋಗಿ ಆ ಗುಳಿಯನ್ನು ಇಣುಕಿ ನೋಡಿದಳು.

"ಅಯ್ಯೋ ಪಾಪ, ಖಾಲಿ ಬಿಟ್ಟಿದಾರಲ್ಲೋ!"