ಬೀದಿಗೆ ಬಗ್ಗಿದ ದಾಸವಾಳ

ನಂಜನಗೂಡಿನ ನರ್ಸರಿಯಲ್ಲಿ ಅವ್ವ ಒಂದೊಂದು ಗಿಡದ ಮುಂದೂ ನಿಂತು ಎರಡೇ ಪ್ರಶ್ನೆ ಕೇಳುತ್ತಿದ್ದಳು. "ದಿನಾ ಊವ ಬುಡ್ತದಾ?" ಅನ್ನುವುದು ಒಂದು. "ಕಾಂಪೌಂಡ್ ಮ್ಯಾಲಿಂದ ಬೀದೀಗೆ ಬಗ್ಗತದಾ?" ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನರ್ಸರಿಯವನು ಸಮಾಧಾನವಾಗಿಯೇ ಉತ್ತರ ಕೊಟ್ಟ. ಎರಡನೆಯದನ್ನು ಮೂರನೇ ಸಲ ಕೇಳಿದಾಗ ನಕ್ಕುಬಿಟ್ಟ.

"ಬೀದೀಗೆ ಬಗ್ಗಬಾರ್ದು, ಕಂಡೋರೆಲ್ಲಾ ಕಿತ್ಕೊಂಡು ಓಯ್ತಾರೆ ಅಂತ ಎಲ್ರೂ ಬಡ್ಕೋತಾರೆ ಕಣಕ್ಕ. ನೀವೊಬ್ರೇ ನೋಡಿ ಇಂಗೆ ಕೇಳ್ದೋರು!"

ಅವ್ವ ನಗಲಿಲ್ಲ. ಬಗ್ಗುತ್ತದೆ ಎಂದು ಅವನ ಬಾಯಲ್ಲೇ ಹೇಳಿಸಿಕೊಂಡ ಮೇಲೆ ಕೆಂಪು ದಾಸವಾಳದ ಮೂರು ಸಸಿ ಎತ್ತಿಸಿದಳು. ಜೊತೆಗೆ ಒಂದು ನಂದಿಬಟ್ಟಲು, ಒಂದು ಕಣಗಿಲೆ.

ಇದು ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಏಳನೇ ಕ್ಲಾಸು. ಅಪ್ಪ ತಿ. ನರಸೀಪುರದ ಸರ್ಕಾರಿ ಕಛೇರಿಯೊಂದರಲ್ಲಿ ಗುಮಾಸ್ತರು. ತಗಡೂರು ಕಡೆಯ ನಮ್ಮ ಹಳ್ಳಿಯ ಕೇರಿಯನ್ನು ಬಿಟ್ಟು, ನರಸೀಪುರದ ಹೊಸ ಬಡಾವಣೆಯಲ್ಲಿ ಸೈಟು ಹಿಡಿದು ಮನೆ ಕಟ್ಟಿಸಿದ್ದರು. ಆ ಬೀದಿಯಲ್ಲಿ ದಲಿತರ ಮನೆ ಅಂತ ಇದ್ದದ್ದು ನಮ್ಮದೊಂದೇ. ನಡುಮನೆಯಲ್ಲಿ ಬಾಗಿಲಿಗೆ ಎದುರಾಗಿ ಬುದ್ಧನ ಫೋಟೊ. ದೇವರ ಕೋಣೆ ಬೇಡ ಎಂದು ಅಪ್ಪ ಪ್ಲಾನಿನಲ್ಲೇ ಹೊಡೆದು ಹಾಕಿಸಿದ್ದರು.

ಅಪ್ಪನಿಗೆ ಬೇಕಿದ್ದದ್ದು ಶೋ ಗಿಡ. ಕ್ರೋಟನ್, ಕಾಗದದ ಹೂವಿನ ಬಳ್ಳಿ, ಹೀಗೆ ಆಫೀಸುಗಳ ಮುಂದೆ ಇರುತ್ತವಲ್ಲ, ಅಂಥವು. ನಮ್ಮ ಕಡೆ ಹೂವಿನ ಗಿಡಗಳಲ್ಲಿ ಮೂರೇ ಜಾತಿ: ಮುಡಿಯುವುದಕ್ಕೆ ಬರುವವು, ಪೂಜೆಗೆ ಬರುವವು, ಯಾವುದಕ್ಕೂ ಬಾರದವು. ಈ ಮೂರನೆಯವನ್ನೇ ಶೋ ಗಿಡ ಎನ್ನುವುದು. ಅವ್ವ ತಂದ ಸಸಿಗಳನ್ನು ನೋಡಿ ಅಪ್ಪನಿಗೆ ರೇಗಿತು.

"ದೇವ್ರೇ ಇಲ್ದಿರೋ ಮನೇಗೆ ಪೂಜೆ ಊವ ಯಾಕೆ?"

"ನಿಮ್ ಬುದ್ಧನ ಮುಂದೂ ನಾಕು ಮಡಗ್ತೀನಿ, ಬುಡಿ" ಅಂದಳು ಅವ್ವ. ಅಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಅವ್ವನ ಲೆಕ್ಕಾಚಾರ ಬೇರೆಯೇ ಇತ್ತು. ನನಗದು ಅರ್ಥವಾಗಲು ಎರಡು ವರ್ಷ ಬೇಕಾಯಿತು, ಓದುವವರನ್ನು ಅಷ್ಟು ಕಾಯಿಸುವುದಿಲ್ಲ. ಆ ಬೀದಿಯಲ್ಲಿ ಬೆಳಕು ಹರಿಯುವ ಮೊದಲೇ ಹೂವಿನ ಓಡಾಟ ಶುರುವಾಗುತ್ತಿತ್ತು. ತಲೆಗೆ ಮಫ್ಲರು ಸುತ್ತಿದ ರಿಟೈರಾದವರು, ಸ್ನಾನ ಮುಗಿಸಿದ ಹೆಂಗಸರು, ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಅವರ ಮನೆ ಕಾಂಪೌಂಡಿನ ಹೂವು ಇವರ ದೇವರಿಗೆ, ಇವರದು ಇನ್ನೊಬ್ಬರ ದೇವರಿಗೆ. ಕಿತ್ತವರನ್ನು ಮನೆಯವರು ಬೈಯುವುದು, ಬೈಸಿಕೊಂಡವರು ಮಾರನೆಯ ದಿನ ಮತ್ತೆ ಬರುವುದು, ಮಧ್ಯಾಹ್ನ ಅವರಿಬ್ಬರೇ ಜಗುಲಿಯಲ್ಲಿ ಕೂತು ಹರಟುವುದು. ಯಾರ ಮನೆಯ ಹೂವನ್ನು ಕದಿಯುತ್ತಾರೋ ಅವರು ಬೀದಿಯವರು ಎಂದು ಲೆಕ್ಕ. ಅವ್ವನಿಗೆ ಬೇಕಿದ್ದದ್ದು ಅಷ್ಟೇ. ನಮ್ಮ ಹೂವನ್ನೂ ಯಾರಾದರೂ ಕದಿಯಬೇಕು.

ಬಡಾವಣೆಯೆಲ್ಲ ಒಂದು ಕಾಲದ ಗದ್ದೆ. ಗುಂಡಿ ತೋಡಿದರೆ ಕಪ್ಪು ಮಣ್ಣು ಬೆಣ್ಣೆ ಹಾಗೆ ಬರುತ್ತಿತ್ತು. ಅವ್ವ ಊರಿಂದ ಕೊಟ್ಟಿಗೆ ಗೊಬ್ಬರವನ್ನು ಯೂರಿಯಾ ಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲೇ ತಂದಳು. ಕಂಡಕ್ಟರ್ ಮೂಗು ಮುಚ್ಚಿಕೊಂಡು ದಾರಿಯುದ್ದಕ್ಕೂ ಕೂಗಾಡಿದ. ನೀರು ಹಾಕುವುದು ನನ್ನ ಪಾಲಿಗೆ ಬಂತು. ಸಿಡುಕುತ್ತಲೇ ಹಾಕಿದೆ, ನನ್ನ ಸ್ವಭಾವವೇ ಅದು.

ಎರಡನೆಯ ಮುಂಗಾರು ಮುಗಿಯುವ ಹೊತ್ತಿಗೆ ಗಿಡಗಳು ಕಾಂಪೌಂಡ್ ದಾಟಿದವು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಹೊರಗೆ ಬಂದವಳು ಬ್ರಷ್ಷನ್ನು ಬಾಯಲ್ಲೇ ಮರೆತು ನಿಂತೆ. ಗೋಡೆಯ ಈ ತುದಿಯಿಂದ ಆ ತುದಿಯವರೆಗೂ ಕೆಂಪು. ಅಂಗೈಯಗಲ ಬಿರಿದ ದಾಸವಾಳಗಳು ಒಂದರ ಮೇಲೊಂದು ಬಿದ್ದು ಎಲೆಯೇ ಕಾಣುತ್ತಿರಲಿಲ್ಲ. ಮೂಲೆಯ ನಂದಿಬಟ್ಟಲು ನೆತ್ತಿಯಿಂದ ಬುಡದವರೆಗೆ ಬೆಳ್ಳಗಿತ್ತು. ಎಣಿಸಲು ಹೋದೆ. ನೂರು ದಾಟುವಷ್ಟರಲ್ಲಿ ಒಂದು ಸೂರಕ್ಕಿ ಬಂದು ಹೂವಿನೊಳಗೆ ಕೊಕ್ಕು ಹಾಕಿತು, ನನಗೆ ಲೆಕ್ಕ ತಪ್ಪಿತು. ಮಣ್ಣು, ನೀರು, ಸಗಣಿ, ಇಷ್ಟರಲ್ಲಿ ಈ ಬಣ್ಣ ಎಲ್ಲಿತ್ತು? ಇವತ್ತಿಗೂ ನನಗೆ ಅದೊಂದು ತಿಳಿದಿಲ್ಲ.

ಅಚ್ಚರಿ ಅಲ್ಲಿಗೇ ಮುಗಿಯಲಿಲ್ಲ. ಬೇರೆಯವರ ಮನೆ ಗಿಡಗಳು ಆರು ಗಂಟೆಗೆಲ್ಲ ಬರೀ ಹಸಿರು. ಮೊಗ್ಗನ್ನೂ ಬಿಡುತ್ತಿರಲಿಲ್ಲ ಜನ, ಕೊಕ್ಕೆ ಹಾಕಿ ಎಳೆಯುತ್ತಿದ್ದರು. ನಮ್ಮದು ಮಾತ್ರ ಸಂಜೆಯವರೆಗೂ ಹಾಗೇ ಉರಿಯುತ್ತಿತ್ತು. ಮೈಸೂರು ಬಸ್ಸಿಗೆ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ಅದೆಲ್ಲ ನನ್ನ ನೀರಿನ ಮಹಿಮೆ ಎಂದು ನಾನು ಸ್ಕೂಲಿನಲ್ಲಿ ಕೊಚ್ಚಿಕೊಂಡೆ. ಸಂಜೆ ಮುದುರಿ ಉದುರಿದ ಹೂವುಗಳನ್ನು ಅವ್ವ ಬೆಳಿಗ್ಗೆ ಗುಡಿಸಿ ಗಿಡದ ಬುಡಕ್ಕೆ ಹಾಕುತ್ತಿದ್ದಳು. ಗುಡಿಸುವಾಗ ಅವಳ ಮುಖ ಚಿಕ್ಕದಾಗಿರುತ್ತಿತ್ತು. ಬೆನ್ನು ನೋವಿರಬೇಕು ಅಂದುಕೊಂಡಿದ್ದೆ.

ಮಾರ್ಗಶಿರದ ಒಂದು ಬೆಳಿಗ್ಗೆ, ಮಂಜು ಇನ್ನೂ ಬಿಟ್ಟಿರಲಿಲ್ಲ, ಗೋಡೆಯಾಚೆಯಿಂದ ಒಂದು ಸುಕ್ಕುಗಟ್ಟಿದ ಕೈ ಮೇಲೆದ್ದು ದಾಸವಾಳದ ಕೊಂಬೆಯನ್ನು ಹಿಡಿಯಿತು. ನನ್ನ ಗಿಡ! ಮೈಯೆಲ್ಲ ಉರಿದುಹೋಯಿತು.

"ಯಾರದು? ಊವ ಮುಟ್ಟುದ್ರೆ ಸರೀಗಿರಲ್ಲ!"

ಕೈ ಮಾಯವಾಯಿತು. ದಡಬಡ ಹೆಜ್ಜೆ ಸದ್ದು. ಗೆದ್ದವಳ ಹಾಗೆ ತಿರುಗಿದರೆ ಕಿಟಕಿಯ ಹಿಂದೆ ಅವ್ವ ನಿಂತಿದ್ದಳು, ಕಂಬಿ ಹಿಡಿದುಕೊಂಡು. ಅವಳು ನನಗಿಂತ ಮೊದಲೇ ನೋಡಿದ್ದಳು, ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ನಾನು ಯಾವ ತಪ್ಪು ಮಾಡಿದಾಗಲೂ ಅವಳು ನನ್ನನ್ನು ಅಷ್ಟು ನೊಂದು ನೋಡಿರಲಿಲ್ಲ.

"ಎರಡು ವರ್ಸಕ್ಕೆ ಒಬ್ರು ಬಂದಿದ್ರು ಕಣವ್ವ" ಅಂದಳು. "ಓಡ್ಸಿಬುಟ್ಟೆ."

ಅಂದು ಅವ್ವ ಎಲ್ಲವನ್ನೂ ಬಿಡಿಸಿ ಹೇಳಿದಳು. ನಮ್ಮ ಗಿಡ ಯಾಕೆ ಅಷ್ಟು ತುಂಬಿರುತ್ತದೆ, ಬೀದಿಯವರೆಲ್ಲ ನಿಂತು ನೋಡಿದರೂ ಯಾಕೆ ಕೈ ಚಾಚುವುದಿಲ್ಲ. ನಾನು ಬೆರಗಾಗಿ ನೋಡಿದ ಆ ಕೆಂಪೆಲ್ಲ ಯಾರೂ ಮುಟ್ಟದ ಹೂವು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇವರು ಕೀಳದಿದ್ದರೆ ನಮಗೇನಾಗಬೇಕು ಎಂದು ಕೂಗಿದೆ. ಅಪ್ಪ ಒಳಗಿನಿಂದ, "ಅಂಗ್ ಕೇಳು ಮಗಾ" ಅಂದರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನೋಡಿ ನನ್ನ ಸಿಟ್ಟು ಎಲ್ಲಿ ಹೋಗಬೇಕೋ ತಿಳಿಯದೆ ನಿಂತುಬಿಟ್ಟಿತು.

ನಾಲ್ಕು ದಿನ ಯಾರೂ ಬರಲಿಲ್ಲ. ಆ ನಾಲ್ಕು ದಿನವೂ ನಾನು ನಸುಕಿನಲ್ಲೇ ಎದ್ದು, ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ಕಳ್ಳರಿಗಾಗಿ ಕಾದೆ. ಐದನೆಯ ದಿನ ಒಬ್ಬ ಅಜ್ಜಿ ನೇರವಾಗಿ ಗೇಟಿನ ಹತ್ತಿರವೇ ಬಂದು ನಿಂತರು. ಹಣೆಯ ತುಂಬ ವಿಭೂತಿ, ಕೈಯಲ್ಲೊಂದು ಬಿದಿರಿನ ಬುಟ್ಟಿ. ಸೋಸಲೆಯಿಂದ ಪಕ್ಕದ ಬೀದಿಯ ಮಗಳ ಮನೆಗೆ ಬಂದಿದ್ದವರು.

"ನಾಕು ಊವ ಕುಯ್ಕಳ್ಳಾ ಕಣವ್ವ? ಆವತ್ತು ಕೇಳ್ದೆ ಕೈ ಆಕಿದ್ದು ತೆಪ್ಪಾಯ್ತು."

ಅವ್ವ ಗೇಟು ತೆಗೆಯಲು ಹೋದವಳು ಚಿಲಕದ ಮೇಲೆ ಕೈಯಿಟ್ಟು ನಿಂತಳು. ಸುಮ್ಮನಿದ್ದರೆ ಆಗುತ್ತಿತ್ತು, ಅವ್ವ ಸುಮ್ಮನಿರುವವಳಲ್ಲ.

"ನಾವು ಕೇರಿಯೋರು ಕಣಮ್ಮಾ. ಗೊತ್ತಾ ನಿಮ್ಗೆ?"

"ಗೊತ್ತು ಬುಡವ್ವ. ಆ ಮನೇದು ಕೀಳಬ್ಯಾಡ ಅಂತ ನನ್ ಮಗಳೂ ಏಳವ್ಳೆ." ಅಜ್ಜಿ ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಆವತ್ತು ಓಡ್ವಾಗ ಒಂದು ಊವ ಕೈಯಲ್ಲೇ ಉಳ್ಕಂಡಿತ್ತು. ತಕಂಡೋಗಿ ಲಿಂಗದ ಮ್ಯಾಲೆ ಮಡಗ್ದೆ. ಲಿಂಗ ಏನೂ ಅನ್ನಲಿಲ್ಲ. ಬೈದೋಳು ನಿನ್ ಮಗಳೊಬ್ಳೇ."

ಅವ್ವ ನಕ್ಕಳು. ನಗುತ್ತಲೇ ಗೇಟು ತೆಗೆದಳು. ಅಜ್ಜಿ ಕುಳ್ಳು, ಮೇಲಿನ ಕೊಂಬೆಗಳಿಗೆ ಕೈ ಎಟುಕುತ್ತಿರಲಿಲ್ಲ. ಅವ್ವ ಕೊಂಬೆಯನ್ನು ಎರಡೂ ಕೈಯಲ್ಲಿ ಬಗ್ಗಿಸಿ ಹಿಡಿದಳು. ಅಜ್ಜಿ ಒಂದೊಂದಾಗಿ ತೊಟ್ಟು ಮುರಿಯದ ಹಾಗೆ ಬಿಡಿಸಿಕೊಂಡರು. ಗಿಡ ಬರಿದು ಮಾಡಬಾರದು ಎಂದು ನಾಲ್ಕು ಬಿಟ್ಟರೆ, "ಅವ್ನೂ ತಕಳಿ, ಅವ್ನೂ ತಕಳಿ" ಎಂದು ಅವ್ವನೇ ತೋರಿಸಿ ತೋರಿಸಿ ಕೀಳಿಸಿದಳು. ಅಪ್ಪ ಪೇಪರು ಹಿಡಿದು ಬಾಗಿಲವರೆಗೂ ಬಂದು ನೋಡುತ್ತಾ ನಿಂತರು.

ಅಜ್ಜಿ ಆ ಚಳಿಗಾಲವೆಲ್ಲ ಬಂದರು. ಬೀದಿಯ ಬೇರೆ ಯಾರೂ ಬರಲಿಲ್ಲ. ಅದನ್ನು ನಾನು ಮರೆತಿಲ್ಲ, ಮರೆಯುವ ಇಷ್ಟವೂ ಇಲ್ಲ.

ಆದರೆ ಆ ಮೊದಲ ದಿನ, ಅಜ್ಜಿ ತುಂಬಿದ ಬುಟ್ಟಿ ಹೊತ್ತು ತಿರುವು ದಾಟಿ ಹೋದ ಮೇಲೂ ಅವ್ವ ಗಿಡದ ಮುಂದಿನಿಂದ ಕದಲಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುವ ವಾಸನೆ ಬರುತ್ತಿತ್ತು. ಗೋಡೆಯ ಮೇಲೆ ಒಂದೇ ಒಂದು ಹೂವೂ ಇರಲಿಲ್ಲ.

"ಅವ್ವಾ, ಪೂರ್ತಿ ಖಾಲಿ ಮಾಡ್ಬುಟ್ರು" ಅಂದೆ.

"ಊಂ ಕಣವ್ವ" ಅಂದಳು ಅವ್ವ, ಆ ಬರಿಯ ಕೊಂಬೆಯ ಮೇಲಿಂದ ಕಣ್ಣು ತೆಗೆಯದೆ. "ನೋಡು, ಪೂರ್ತಿ ಖಾಲಿ ಮಾಡ್ಬುಟ್ರು."